ಅಪ್ರದಕ್ಷಿಣೆ

ಗಂಡಂದಿರು ನಿವೃತ್ತರಾಗುವ ದಿನ ಕಚೇರಿಯವರು ಅವರಿಗೆ ಹಾರ ಹಾಕಿ, ಶಾಲು ಹೊದಿಸಿ, ಕೈಗೊಂದು ಗೋಡೆ ಗಡಿಯಾರ ಕೊಟ್ಟು ಕಳಿಸುತ್ತಾರೆ. ಪಕ್ಕದಲ್ಲಿ ಕೂತ ಹೆಂಡತಿಗೂ ಒಂದು ಹೂಗುಚ್ಛ ಕೊಡುತ್ತಾರೆ. ಅದು ಯಾಕೆಂದು ಆ ದಿನ ತಿಳಿಯುವುದಿಲ್ಲ. ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು "ಸಾಸಿವೆ ಡಬ್ಬಿಯನ್ನು ಯಾಕೆ ಎಡಗಡೆ ಇಟ್ಟಿದ್ದೀಯ?" ಎಂದು ಕೇಳಿದಾಗ ತಿಳಿಯುತ್ತದೆ.

ನಮ್ಮವರು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು. ಸಾಗರದ ಪೇಟೆಯಲ್ಲಿ ಅಡಿಕೆ ಸುಗ್ಗಿಯ ದಿನಗಳಲ್ಲಿ ಬರುವ ನೋಟಿನ ಕಟ್ಟುಗಳನ್ನು ಮೂವತ್ತು ವರ್ಷ ಎಣಿಸಿದ ಕೈ ಅವರದು. ನೋಟು ಎಣಿಸುವ ಯಂತ್ರ ಬಂದ ಮೇಲೂ ಒಮ್ಮೆ ಕೈಯಲ್ಲಿ ಎಣಿಸದೆ ಅವರಿಗೆ ಸಮಾಧಾನವಿರುತ್ತಿರಲಿಲ್ಲ. ಅಂಥ ಕೈಗಳನ್ನು ಸುಮ್ಮನೆ ಮಡಿಲಲ್ಲಿ ಇಟ್ಟುಕೊಂಡು ಕೂರು ಎಂದರೆ ಹೇಗೆ ಕೂತಾವು? ಮೊದಲ ವರ್ಷ ನನ್ನ ಡಬ್ಬಿಗಳನ್ನು ಜೋಡಿಸಿದವು. ಎರಡನೆಯ ವರ್ಷ ಹಿತ್ತಲಲ್ಲಿ ಗುಲಾಬಿಗೆ ಕಸಿ ಕಟ್ಟಿ ನಾಲ್ಕನ್ನು ಕೊಂದವು. ಮೂರನೆಯ ವರ್ಷ, 2019ರಲ್ಲಿ, ಮರದ ಕೆಲಸಕ್ಕೆ ಇಳಿದವು.

ನಮ್ಮ ಊರಿನಲ್ಲಿ ಇದೇನೂ ಆಶ್ಚರ್ಯದ ಸಂಗತಿಯಲ್ಲ. ಸಾಗರವೆಂದರೆ ಗುಡಿಗಾರರ ಊರು. ಗಂಧದ ಕೊರಡಿನಲ್ಲಿ ಗಣಪತಿಯನ್ನು ಬಿಡಿಸುವ ಮನೆತನಗಳು ಇಲ್ಲಿವೆ. ಸಣ್ಣ ಉಳಿಯ ಟಕಟಕ ಸದ್ದು ಕೇಳಿಕೊಂಡೇ ನಾವೆಲ್ಲ ದೊಡ್ಡವರಾದದ್ದು. ಆದರೆ ನಮ್ಮವರಿಗೆ ಉಳಿ, ಕೊಡತಿಯ ತಾಳ್ಮೆ ಇರಲಿಲ್ಲ. ಬೆಂಗಳೂರಿನಲ್ಲಿರುವ ಮಗಳು ಅಪ್ಪನ ಹುಟ್ಟುಹಬ್ಬಕ್ಕೆಂದು ಒಂದು ಯಂತ್ರವನ್ನು ಕಳಿಸಿಕೊಟ್ಟಳು. ರೂಟರ್ ಎಂದು ಅದರ ಹೆಸರು. ಇಂಟರ್ನೆಟ್ಟಿಗೆ ಹಾಕುವ ರೂಟರ್ ಎಂದುಕೊಂಡು ನಾನು ಅದರ ಪೆಟ್ಟಿಗೆಯನ್ನು ಟಿ.ವಿ. ಪಕ್ಕದಲ್ಲಿ ಇಟ್ಟಿದ್ದೆ. ಎತ್ತುವಾಗಲೇ ಅನುಮಾನ ಬರಬೇಕಿತ್ತು, ಮೂರು ಕಿಲೋಗಿಂತ ಹೆಚ್ಚಿತ್ತು.

ನೋಡದವರಿಗಾಗಿ ಹೇಳುತ್ತೇನೆ. ನಿಮ್ಮ ಮನೆಯ ಮಿಕ್ಸಿಯನ್ನು ತಲೆಕೆಳಗು ಮಾಡಿ ಎರಡು ಕಡೆ ಹಿಡಿಕೆ ಇಟ್ಟರೆ ಹೇಗೋ ಹಾಗೆ. ಮೇಲೆ ಮೋಟಾರು, ಕೆಳಗೆ ಚಪ್ಪಟೆಯಾದ ತಳ, ತಳದ ನಡುವಿನ ತೂತಿನಿಂದ ಇಣುಕುವ ಬಿಟ್ ಎಂಬ ಅಲಗು. ಮಿಕ್ಸಿ ನಿಮಿಷಕ್ಕೆ ಹೆಚ್ಚುಕಡಿಮೆ 18,000 ಸುತ್ತು ತಿರುಗುತ್ತದೆಯಂತೆ, ಇದು 10,000ದಿಂದ 25,000ದವರೆಗೆ. ವ್ಯತ್ಯಾಸ ಒಂದೇ, ಮಿಕ್ಸಿಗೆ ಮುಚ್ಚಳವಿದೆ. ಇದರ ಅಲಗು ಬರಿದಾಗಿ ತಿರುಗುತ್ತದೆ, ಅದೂ ನಮ್ಮ ಕಣ್ಣಿಗೆ ಕಾಣದ ಹಾಗೆ ಯಂತ್ರದ ಹೊಟ್ಟೆಯ ಕೆಳಗೆ. ಹಲಗೆಯ ಅಂಚನ್ನು ದುಂಡು ಮಾಡುವುದು, ಗಾಡಿ ತೆಗೆಯುವುದು, ಕುಳಿ ತೋಡುವುದು ಎಲ್ಲ ಇದರಿಂದ ಆಗುತ್ತದೆ. ಆಚಾರ್ರು ಅರ್ಧ ದಿನ ಕೂತು ಮಾಡುವ ಅಂಚನ್ನು ಇದು ಐದು ನಿಮಿಷದಲ್ಲಿ ಮುಗಿಸುತ್ತದೆ. ಬೆರಳನ್ನು ಮುಗಿಸಲು ಅಷ್ಟು ಹೊತ್ತೂ ಬೇಡ.

ನನಗೆ ಅಲಗಿನ ಭಯ ಹೊಸದಲ್ಲ. ನಾವು ಮಲೆನಾಡಿನ ಹೆಂಗಸರು ಈಳಿಗೆಮಣೆಯ ಮೇಲೆ ಕೂತು ಬಾಳೆಕಾಯಿ ಹೆಚ್ಚಿದವರು, ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದವರು. ಆದರೆ ಈಳಿಗೆಯೂ ಮೆಟ್ಟುಗತ್ತಿಯೂ ಇದ್ದಲ್ಲೇ ಇರುತ್ತವೆ. ಅಲಗು ಕೂತಿರುತ್ತದೆ, ನಾವು ಹತ್ತಿರ ಹೋಗುತ್ತೇವೆ. ಎಷ್ಟು ಹತ್ತಿರ ಎನ್ನುವುದು ನಮ್ಮ ಕೈಯಲ್ಲಿದೆ. ಹಾಗಾಗಿ ನಿದ್ದೆಗಣ್ಣಿನಲ್ಲೂ ಬೆರಳಿಗೆ ಅಲಗು ಎಲ್ಲಿದೆಯೆಂದು ಗೊತ್ತಿರುತ್ತದೆ. ರೂಟರಿನಲ್ಲಿ ಎಲ್ಲ ಉಲ್ಟಾ. ಮರ ಕೂತಿರುತ್ತದೆ, ಅಲಗು ನಡೆಯುತ್ತದೆ, ಅದನ್ನು ನಡೆಸುವವರಿಗೆ ಅದು ಕಾಣುವುದಿಲ್ಲ. ಮೊದಲ ದಿನ ಜಗುಲಿಯಲ್ಲಿ ಅದು ಊಳಿಟ್ಟಾಗ ನಾನು ಒಳಗಿನಿಂದ ಓಡಿ ಬಂದೆ. ನಮ್ಮ ಅತ್ತೆಯವರಿಗೆ ಕಿವಿ ಸ್ವಲ್ಪ ಮಂದ. ಅವರೂ "ಯಾರದ್ದು ವಿಮಾನ?" ಎಂದು ಕೇಳಿದರು.

ನಮ್ಮ ಮನೆಯ ಕೆಲಸಕ್ಕೆ ಮೊದಲಿನಿಂದ ಬರುವ ಆಚಾರ್ರು ಒಬ್ಬರಿದ್ದಾರೆ. ಅವರನ್ನು ಕರೆಸಿದೆ. ಬಂದವರು ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಒಳ್ಳೆ ಮಾಲು ಅಮ್ಮಾ" ಎಂದರು. ಆಮೇಲೆ ತಮ್ಮ ಎಡಗೈಯನ್ನು ನನ್ನ ಮುಂದೆ ಹಿಡಿದರು. ತೋರುಬೆರಳಿನ ತುದಿಯಲ್ಲಿ ಉಗುರಿರಲಿಲ್ಲ, ಉಗುರು ಇರಬೇಕಾದ ಜಾಗವೇ ಇರಲಿಲ್ಲ. ಇಪ್ಪತ್ತು ವರ್ಷದಿಂದ ನಮ್ಮ ಮನೆಗೆ ಬರುವ ಮನುಷ್ಯ, ಲೋಟದಲ್ಲಿ ಕಾಫಿ ಕೊಟ್ಟಿದ್ದೇನೆ, ಒಂದು ದಿನವೂ ನಾನದನ್ನು ನೋಡಿರಲಿಲ್ಲ.

"ಇಷ್ಟು ಸಣ್ಣ ತುಂಡು" ಎಂದು ಅವರು ಬೆಂಕಿಪೆಟ್ಟಿಗೆಯಷ್ಟು ಅಳತೆ ತೋರಿಸಿದರು. "ಕೈಯಲ್ಲಿ ಹಿಡ್ಕೊಂಡು ಅಂಚು ಹೊಡೆಯಕ್ಕೆ ಹೋದೆ. ತುಂಡು ಹಾರಿ ಹೋಯ್ತು, ಬೆರಳು ಅಲ್ಲೇ ಇತ್ತು." ಸಣ್ಣ ತುಂಡು ಬೇಕಾದರೆ ದೊಡ್ಡ ಹಲಗೆಯಲ್ಲೇ ಅಂಚು ಹೊಡೆದು, ಆಮೇಲೆ ಕೊಯ್ದು ತೆಗೆಯಬೇಕಂತೆ. ಹಲಗೆಯನ್ನು ಎರಡು ಕಡೆ ಕ್ಲಾಂಪು ಹಾಕಿ ಮೇಜಿಗೆ ಬಿಗಿಯಬೇಕಂತೆ. ಎರಡು ಕೈಯೂ ಯಂತ್ರದ ಹಿಡಿಕೆಯ ಮೇಲೇ ಇದ್ದರೆ ಅಲಗಿನ ಹತ್ತಿರ ಹೋಗಲು ಮೂರನೆಯ ಕೈ ಎಲ್ಲಿಂದ ಬರುತ್ತದೆ ಎಂದು ಅವರ ವಾದ.

ಅವತ್ತೇ ಅವರು ನಮ್ಮವರಿಗೆ ಹೇಳಿದ ಇನ್ನೊಂದು ಮಾತು ನನಗೆ ತುಂಬ ಹಿಡಿಸಿತು. "ರಾಯರೇ, ಹಲಗೆಯನ್ನ ದೇವರು ಅಂತ ತಿಳ್ಕೊಳ್ಳಿ. ಹೊರಗಿನ ಅಂಚು ಹೊಡೆಯುವಾಗ ಅಪ್ರದಕ್ಷಿಣೆ ಬರಬೇಕು. ಕುಳಿಯ ಒಳಗೆ ಸುತ್ತುವಾಗ ಪ್ರದಕ್ಷಿಣೆ. ತಪ್ಪಿದರೆ ದೇವರು ಒದೀತಾನೆ."

ಬಿಟ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ನಾವು ಅದರ ಎದುರು ದಿಕ್ಕಿನಲ್ಲಿ ದೂಡಿದರೆ ಅಲಗು ಮರವನ್ನು ಕಚ್ಚಿ ಕಚ್ಚಿ ಮುಂದೆ ಹೋಗುತ್ತದೆ, ನಮ್ಮ ಕೈಗೆ ಒಂದು ಹದವಾದ ತಡೆ ಸಿಗುತ್ತದೆ. ಅದು ತಿರುಗುವ ಕಡೆಗೇ ದೂಡಿದರೆ ಅಲಗು ಚಕ್ರವಾಗಿಬಿಡುತ್ತದೆ. ಅಂಚಿನ ಮೇಲೆ ಉರುಳಿಕೊಂಡು ಯಂತ್ರವನ್ನೂ ನಮ್ಮನ್ನೂ ಎಳೆದುಕೊಂಡು ಓಡುತ್ತದೆ. ಇಳಿಜಾರಿನಲ್ಲಿ ಗಾಡಿಗೆ ಎತ್ತು ಕಟ್ಟಿದ ಹಾಗೆ. ಎದುರಿಗೆ ನಿಂತವರಿಗೆ ಇನ್ನೂ ಸುಲಭದ ಗುರುತು: ನಮ್ಮ ಹೊಟ್ಟೆಯ ಕಡೆಗಿರುವ ಹೊರ ಅಂಚಿನಲ್ಲಿ ಎಡದಿಂದ ಬಲಕ್ಕೆ. ನಮ್ಮವರು ಇದನ್ನು ಕಾಗದದ ಮೇಲೆ ಬಾಣದ ಗುರುತು ಹಾಕಿ ಬರೆದುಕೊಂಡರು. ನನಗೆ ಬಾಣ ಬೇಕಾಗಲಿಲ್ಲ. ಈಶ್ವರನ ಗುಡಿಯಲ್ಲಿ ಅರ್ಧ ಪ್ರದಕ್ಷಿಣೆ ಬಂದು ಸೋಮಸೂತ್ರದ ಹತ್ತಿರ ಹಿಂದೆ ತಿರುಗುವುದನ್ನು ಎಷ್ಟು ಸೋಮವಾರ ಮಾಡಿಲ್ಲ!

ಆ ವರ್ಷವೂ ಮುಂದಿನ ವರ್ಷವೂ ನಮ್ಮವರು ಏನೇನೋ ಮಾಡಿದರು. ಊರಿಗೆಲ್ಲ ಮಣೆ ಹಂಚಿದರು. ಹಳೆ ಮನೆ ಬಿಚ್ಚಿದಾಗ ಉಳಿದ ಹಲಸಿನ ಹಲಗೆಗಳು ನಮ್ಮ ಕೊಟ್ಟಿಗೆಯ ಅಟ್ಟದಲ್ಲಿದ್ದವು. ಹಲಸು ಮಣೆಗೆ ಶ್ರೇಷ್ಠ. ಅದರ ಹುಡಿ ಅರಿಸಿನದಷ್ಟು ಹಳದಿ. ನಮ್ಮವರು ಕೆಲಸ ಮುಗಿಸಿ ಒಳಗೆ ಬಂದರೆ ಅರಿಸಿನ ಶಾಸ್ತ್ರ ಮುಗಿಸಿ ಬಂದ ಮದುಮಗನ ಹಾಗೆ ಕಾಣುತ್ತಿದ್ದರು. ಚಂದಕ್ಕೇನೋ ಚಂದ, ಆದರೆ ಮರದ ಹುಡಿಯನ್ನು ವರ್ಷಗಟ್ಟಲೆ ಉಸಿರಾಡಿದರೆ ಕ್ಯಾನ್ಸರ್ ಬರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದವರು 1995ರಲ್ಲೇ ಪಟ್ಟಿಗೆ ಸೇರಿಸಿದ್ದಾರೆಂದು ಮಗಳು ಫೋನಿನಲ್ಲಿ ಗದರಿಸಿದಳು. ಕೊರೋನಾ ಕಾಲದಲ್ಲಿ ಅವಳೇ ಕಳಿಸಿದ ಎನ್-95 ಮುಖಗವಸುಗಳು ಒಂದು ಪೆಟ್ಟಿಗೆ ಉಳಿದಿದ್ದವು. ರೋಗಕ್ಕೆ ಹೆದರಿ ತರಿಸಿದ್ದು ಮರಕ್ಕೆ ಉಪಯೋಗವಾಯಿತು. ಕಣ್ಣಿಗೆ ಬದಿ ಮುಚ್ಚುವ ಕನ್ನಡಕ, ಕಿವಿಗೆ ದಪ್ಪ ಮುಚ್ಚಳ ಬಂದವು. ಕಿವಿ ಮುಚ್ಚಿಕೊಂಡ ಮೇಲೆ ನಾನು ಊಟಕ್ಕೆ ಕರೆದದ್ದೂ ಕೇಳಿಸುತ್ತಿರಲಿಲ್ಲ. ಮೊದಲೂ ಕೇಳಿಸುತ್ತಿತ್ತು ಎಂದೇನೂ ಅಲ್ಲ.

2021ರ ಮಳೆಗಾಲದಲ್ಲಿ ಆ ದಿನ ಬಂತು. ಸಾಗರದ ಮಳೆಗಾಲದಲ್ಲಿ ಕರೆಂಟು ಹೋಗುವುದಕ್ಕೆ ಕಾರಣ ಬೇಡ. ನಮ್ಮವರು ಅಂಚು ಹೊಡೆಯುತ್ತಿದ್ದಾಗ ಹೋಯಿತು. ಸದ್ದು ನಿಂತಿತು. ಯಂತ್ರವನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ ಒಳಗೆ ಬಂದು ಕಾಫಿ ಕೇಳಿದರು. ಆ ಯಂತ್ರಕ್ಕೆ ಸ್ವಿಚ್ಚನ್ನು ಒತ್ತಿ ಹಿಡಿಯುವ ಕಷ್ಟ ಬೇಡವೆಂದು ಒಂದು ಗುಂಡಿಯಿದೆ, ಅದನ್ನು ಒತ್ತಿದರೆ ಸ್ವಿಚ್ಚು ಒಳಗೇ ಕಚ್ಚಿಕೊಂಡಿರುತ್ತದೆ. ಅದು ಕಚ್ಚಿಕೊಂಡೇ ಇತ್ತು. ಸದ್ದಿಲ್ಲದ ಯಂತ್ರ ಆರಿದ ಯಂತ್ರದ ಹಾಗೇ ಕಾಣುತ್ತದಲ್ಲ!

ಕಾಲು ಗಂಟೆ ಬಿಟ್ಟು ಕರೆಂಟು ಬಂತು. ನಮ್ಮ ಕೈಯಲ್ಲಿ ಕಾಫಿ ಲೋಟ. ಜಗುಲಿಯಲ್ಲಿ ಯಾರೂ ಇಲ್ಲದೆ ಅದು ಕಿರುಚಿತು. ನಾವು ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಮೇಜಿನ ಮೇಲೆ ಗಿರ್ರನೆ ಒಂದು ಸುತ್ತು ತಿರುಗಿ, ನೆಲಕ್ಕೆ ಹಾರಿ, ಕೆಂಪು ಗಾರೆಯನ್ನು ಅರ್ಧಚಂದ್ರದ ಹಾಗೆ ಕೊರೆದು, ಬಿಟ್ಟಿನ ತುಂಡೊಂದನ್ನು ಗೋಡೆಗೆ ಸಿಡಿಸಿತು. ಬಿದ್ದ ರಭಸಕ್ಕೆ ಪ್ಲಗ್ಗು ಕಿತ್ತು ಬಂದದ್ದರಿಂದ ನಿಂತಿತು. ಅತ್ತೆಯವರು ಬೆಳಗಿನ ಹೊತ್ತು ಬಿಸಿಲು ಕಾಯಿಸುವ ಕುರ್ಚಿ ಆ ಅರ್ಧಚಂದ್ರದಿಂದ ಒಂದು ಮೊಳ ದೂರದಲ್ಲಿತ್ತು. ಮಳೆ ಬಂದದ್ದರಿಂದ ಅವರು ಒಳಗಿದ್ದರು. ಅದೊಂದೇ ಕಾರಣ.

ಆ ರಾತ್ರಿ ನಮ್ಮವರು ಊಟ ಮಾಡಲಿಲ್ಲ. ಕ್ಯಾಷು ತಾಳೆಯಾಗದ ದಿನಗಳಲ್ಲೂ ನಾನು ಅವರ ಮುಖವನ್ನು ಹಾಗೆ ನೋಡಿರಲಿಲ್ಲ. ಮರುದಿನ ಸ್ವಿಚ್‌ಬೋರ್ಡಿನ ಮೇಲೆ ಒಂದು ಚೀಟಿ ಅಂಟಿಸಿದರು: "ಕರೆಂಟು ಹೋದರೆ ಮೊದಲು ಸ್ವಿಚ್ಚು, ಆಮೇಲೆ ಪ್ಲಗ್ಗು, ಆಮೇಲೆ ಕಾಫಿ." ಕರೆಂಟು ಹೋಗಿ ಬಂದರೆ ತಾನಾಗಿ ಶುರುವಾಗದಂಥ ಯಂತ್ರಗಳೂ ಈಗ ಇವೆಯಂತೆ. ನಮ್ಮದು ಹಾಗಿರಲಿಲ್ಲ. ಮಿಕ್ಸಿಯಲ್ಲಿ ರುಬ್ಬುವಾಗ ಕರೆಂಟು ಹೋದರೆ ಮೊದಲು ಗುಂಡಿ ತಿರುಗಿಸುವುದು ನಮಗೆಲ್ಲ ಅಭ್ಯಾಸ. ಚಟ್ನಿ ಹಾರೀತೆಂಬ ಭಯಕ್ಕೆ ಕಲಿತದ್ದು ಅದು. ಅಡುಗೆಮನೆಯಲ್ಲಿ ನಾವು ಕಲಿತ ಎಷ್ಟು ಸಂಗತಿಗಳನ್ನು ನಮ್ಮ ಗಂಡಸರು ಪುಸ್ತಕದಲ್ಲಿ ಹುಡುಕಬೇಕಾಗುತ್ತದೋ!

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮರೆವಿಗೆ ಚೀಟಿ ಅಂಟಿಸಬಹುದು.

ಮಾರನೆಯ ವರ್ಷ ಅವರು ಒಂದು ಚನ್ನೆಮಣೆ ಮಾಡಲು ಹೊರಟರು. ಅತ್ತೆಯವರು ತವರಿನಿಂದ ತಂದಿದ್ದ ಚನ್ನೆಮಣೆಯನ್ನು ಗೆದ್ದಲು ತಿಂದು ಎಷ್ಟೋ ವರ್ಷವಾಗಿತ್ತು. ಅವರ ಮಂಜೊಟ್ಟಿ ಕಾಯಿಗಳು ಮಾತ್ರ ಒಂದು ಹಿತ್ತಾಳೆ ಡಬ್ಬಿಯಲ್ಲಿ ಹಾಗೇ ಇದ್ದವು, ಐವತ್ತಾರೂ. ಹದಿನಾಲ್ಕು ಕುಳಿ, ಕುಳಿಗೆ ನಾಲ್ಕು. ಎರಡು ಅಡಿ ಉದ್ದದ ಹಲಸಿನ ಹಲಗೆ ಆರಿಸಿ, ಅದರ ಮೇಲೆ ಕೂರಿಸಲು ದಪ್ಪ ಪ್ಲೈವುಡ್ಡಿನಲ್ಲಿ ಹದಿನಾಲ್ಕು ದುಂಡು ತೂತುಗಳ ಅಚ್ಚು ಮಾಡಿಸಿದರು. ಕುಳಿ ತೋಡುವ ಬಿಟ್ಟಿನ ತುದಿ ದುಂಡಗಿರುತ್ತದೆ, ಕುತ್ತಿಗೆಯಲ್ಲಿ ಒಂದು ಬೇರಿಂಗು. ಬೇರಿಂಗು ಅಚ್ಚಿನ ಅಂಚಿಗೆ ತಾಗಿಕೊಂಡು ಸುತ್ತಿದರೆ ಕುಳಿ ತಾನಾಗಿ ದುಂಡಗೆ ಬರುತ್ತದೆ. ಒಂದೇ ಸಲಕ್ಕೆ ಆಳಕ್ಕೆ ಇಳಿಸುವಂತಿಲ್ಲ. ಸಲಕ್ಕೆ ಮೂರು ಮಿಲಿಮೀಟರ್. ಹದಿನೈದು ಮಿಲಿಮೀಟರ್ ಆಳಕ್ಕೆ ಐದು ಸಲ, ಹದಿನಾಲ್ಕು ಕುಳಿಗೆ ಎಪ್ಪತ್ತು ಸಲ ಎಂದು ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದರು. ಹಾಗೆಯೇ ಇನ್ನೊಂದು ಲೆಕ್ಕ: ಯಂತ್ರ ನಿಮಿಷಕ್ಕೆ 20,000 ಸುತ್ತು ತಿರುಗಿದರೆ 12 ಮಿಲಿಮೀಟರ್ ಅಗಲದ ಬಿಟ್ಟಿನ ಅಂಚು ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ, 50 ಮಿಲಿಮೀಟರಿನದು 188 ಕಿಲೋಮೀಟರ್ ವೇಗದಲ್ಲಿ. ಹಾಗಾಗಿ ದೊಡ್ಡ ಬಿಟ್ ಹಾಕಿದಾಗ ವೇಗ ಇಳಿಸಲೇಬೇಕು. "ಒಂದು ನಮ್ಮ ಸಿಟಿ ಬಸ್ಸು, ಇನ್ನೊಂದು ವಿಮಾನ ನೆಲ ಬಿಡುವ ಮುಂಚಿನ ಓಟ" ಎಂದು ನನಗೆ ವಿವರಿಸಿದರು. ವಿಮಾನ ಎಂದು ಅತ್ತೆಯವರು ಮೊದಲೇ ಹೇಳಿರಲಿಲ್ಲವೇ!

ಏಳು ಕುಳಿ ಚೆನ್ನಾಗಿ ಬಂದವು. ಏಳನೆಯದರ ಅಂಚು ಮಾತ್ರ ಒಂದು ಕಡೆ ಕಚ್ಚಿತ್ತು. ಅಚ್ಚಿಗೂ ಗಾಯವಾಗಿತ್ತು. "ಅಚ್ಚು ಜರುಗಿತು" ಎಂದರು. ಅಚ್ಚನ್ನು ನಾಲ್ಕು ಕಡೆ ಬಿಗಿದದ್ದನ್ನು ನಾನೇ ನೋಡಿದ್ದೆ. ನಾನೇನೂ ಹೇಳಲಿಲ್ಲ. ಆದರೆ ಆಮೇಲೆ ನಾನು ಅವರ ಕೈಯನ್ನು ನೋಡತೊಡಗಿದೆ. ಕಾಫಿ ಬಟ್ಟಲು ತಟ್ಟೆಗೆ ತಾಗಿ ಟಿಣಿಟಿಣಿ ಎನ್ನುವುದು ಕೇಳಿತು. ಸಹಿ ಹಾಕುವಾಗ ಎರಡನೆಯ ಅಕ್ಷರ ಗೆರೆ ದಾಟಿ ಹೋಗುವುದು ಕಂಡಿತು. ಮಡಿಲಲ್ಲಿ ಸುಮ್ಮನೆ ಇಟ್ಟುಕೊಂಡಾಗ ಏನೂ ಇಲ್ಲ. ಏನನ್ನಾದರೂ ಹಿಡಿದು ಮಾಡಹೊರಟರೆ ನಡುಕ. ನಮ್ಮ ಮಾವನವರಿಗೂ ಕೊನೆಕೊನೆಗೆ ಹೀಗೇ ಇತ್ತು. ಪಂಚಪಾತ್ರೆಯ ನೀರು ಅವರ ಅಂಗೈಗೆ ಬೀಳುವ ಮೊದಲೇ ಚೆಲ್ಲುತ್ತಿತ್ತು.

ಶಿವಮೊಗ್ಗಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದೆವು. ಅವರು ಒಂದು ಸುರುಳಿ ಚಿತ್ರ ಬರೆಸಿ ನೋಡಿದರು. ಪ್ರಾಣಕ್ಕೇನೂ ಅಪಾಯದ ರೋಗವಲ್ಲ, ಮನೆತನದಲ್ಲಿ ಬರುವುದುಂಟು, ಮಾತ್ರೆಯಿಂದ ಸ್ವಲ್ಪ ಕಡಿಮೆಯಾದೀತು, ಪೂರ್ತಿ ಹೋಗುವುದಿಲ್ಲ ಎಂದರು. ನಮ್ಮವರು ಯಂತ್ರದ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ವಾಪಸು ಬರುವಾಗ ಆನಂದಪುರದವರೆಗೂ ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ.

ಗಂಡನಿಗೆ ಸಕ್ಕರೆ ಕಾಯಿಲೆ ಬಂದರೆ ಹೋಳಿಗೆ ಬಚ್ಚಿಡಬಹುದು. ಕಣ್ಣು ಮಂಜಾದರೆ ಸ್ಕೂಟರಿನ ಬೀಗದ ಕೈ ಬಚ್ಚಿಡಬಹುದು. ಆದರೆ ಮೂವತ್ತು ವರ್ಷ ಕೈಯನ್ನೇ ನಂಬಿದ ಮನುಷ್ಯನಿಗೆ, ನಿಮ್ಮ ಕೈಯನ್ನು ಇನ್ನು ನಂಬಬೇಡಿ ಎಂದು ಯಾವ ಬಾಯಲ್ಲಿ ಹೇಳುವುದು? ಹದಿನೈದು ದಿನ ನಾನು ಯೋಚಿಸಿದೆ. ಅಷ್ಟು ದಿನವೂ ಅವರು ಜಗುಲಿಗೆ ಹೋಗುವುದು, ಯಂತ್ರದ ಹುಡಿ ಒರೆಸುವುದು, ಒಳಗೆ ಬರುವುದು ಮಾಡಿದರು. ಪ್ಲಗ್ಗು ಹಾಕಲಿಲ್ಲ. ಹದಿನಾರನೆಯ ದಿನ ನಾನು ಸೊಪ್ಪು ಬಿಡಿಸುತ್ತ, ಸೊಪ್ಪಿನ ಕಡೆಗೇ ನೋಡಿಕೊಂಡು, "ನನಗೂ ಅದನ್ನು ಕಲಿಸಿಕೊಡಿ" ಎಂದೆ.

ಅವರು ಬಹಳ ಹೊತ್ತು ನನ್ನನ್ನು ನೋಡಿದರು. "ಸೀರೆಯಲ್ಲಿ ಆಗುವುದಿಲ್ಲ" ಎಂದರು.

ಆಗುವುದಿಲ್ಲ, ನಿಜ. ತಿರುಗುವ ಯಂತ್ರದ ಮುಂದೆ ಜೋತಾಡುವುದು ಏನೂ ಇರಬಾರದು. ಸೆರಗು, ದುಪಟ್ಟ, ಜಡೆ, ಬಳೆ, ಸರ, ಎಲ್ಲವೂ ಅದಕ್ಕೆ ದಾರವೇ. ಒಂದು ತುದಿ ಸಿಕ್ಕಿದರೆ ಸಾಕು, ಉಳಿದದ್ದನ್ನು ಅದೇ ಸುತ್ತಿಕೊಳ್ಳುತ್ತದೆ. ಕೈಗವಸು ಹಾಕಿಕೊಂಡರೆ ಬೆರಳು ಉಳಿದೀತೆಂದು ನಾನು ತಿಳಿದಿದ್ದೆ. ಅದೂ ತಪ್ಪು. ಗವಸಿನ ತುದಿ ಸಿಕ್ಕಿಕೊಂಡರೆ ಬೆರಳನ್ನೂ ಒಳಗೆ ಕರೆದೊಯ್ಯುತ್ತದೆ, ಬರಿಗೈಯೇ ವಾಸಿ. ಮಗಳ ಹಳೆಯ ಚೂಡಿದಾರದ ತೋಳನ್ನು ಮೊಣಕೈವರೆಗೆ ಕತ್ತರಿಸಿ ಹೊಲಿದುಕೊಂಡೆ. ದುಪಟ್ಟ ಬಿಟ್ಟೆ. ಜಡೆಯನ್ನು ತುರುಬು ಕಟ್ಟಿ ಬಟ್ಟೆ ಸುತ್ತಿದೆ. ತಾಳಿಯನ್ನು ರವಿಕೆಯೊಳಗೆ ಸೇರಿಸಿ ಪಿನ್ನು ಹಾಕಿದೆ. ಆಮೇಲೆ ಬಳೆ ತೆಗೆದು ಕಿಟಕಿಯ ಮೇಲಿಟ್ಟೆ.

ಅತ್ತೆಯವರ ಕಿವಿಗೆ ರೂಟರಿನ ಸದ್ದು ಕೇಳಿಸದಿದ್ದರೂ ಬಳೆ ತೆಗೆದ ಸದ್ದು ಕೇಳಿಸಿತು. "ಮುತ್ತೈದೆ ಬರಿಗೈ ಮಾಡ್ಕೊಳ್ತಾಳೇನೇ? ಅದೂ ಶುಕ್ರವಾರ!" ಎಂದು ಮುಖ ತಿರುಗಿಸಿ ಕೂತರು. ಎಂಬತ್ತೆಂಟು ವರ್ಷದವರೊಡನೆ ವಾದ ಮಾಡಲು ಹೋಗಲಿಲ್ಲ. ಬಳೆಯಿಂದ ಆಯುಷ್ಯ ಕಾಯಬೇಕಾದದ್ದು ಯಾರದನ್ನೋ ಅವರ ಕೈಯ ಸಲುವಾಗಿಯೇ ನಾನು ಬಳೆ ತೆಗೆದದ್ದು ಎಂದು ಹೇಳಬಹುದಿತ್ತು. ಮಗನ ಕೈ ನಡುಗುತ್ತದೆಂದು ಆ ತಾಯಿಗೆ ನಾವಿನ್ನೂ ಹೇಳಿರಲಿಲ್ಲ.

ನಮ್ಮವರು ಒಳ್ಳೆಯ ಮೇಷ್ಟ್ರಾಗುತ್ತಾರೆಂದು ನನಗೆ ನಲವತ್ತು ವರ್ಷ ಗೊತ್ತಿರಲಿಲ್ಲ. ಮೊದಲ ದಿನ ಪ್ಲಗ್ಗನ್ನೇ ಹಾಕಗೊಡಲಿಲ್ಲ. ಪ್ಲಗ್ಗಿನ ತುದಿಯನ್ನು ನನ್ನ ಕಣ್ಣೆದುರು ಮೇಜಿನ ಮೇಲೆ ಇಟ್ಟು, ಬಿಟ್ ಹಾಕುವುದು ತೆಗೆಯುವುದನ್ನು ಹತ್ತು ಸಲ ಮಾಡಿಸಿದರು. ಬಿಟ್ಟಿನ ಕಡ್ಡಿಯನ್ನು ಕಚ್ಚಿ ಹಿಡಿಯುವ ಭಾಗಕ್ಕೆ ಕೊಲೆಟ್ ಎನ್ನುತ್ತಾರೆ. ಕಡ್ಡಿಯನ್ನು ತಳ ಮುಟ್ಟುವವರೆಗೆ ಇಳಿಸಿ, ಮತ್ತೆ ಒಂದು ಅಕ್ಕಿಕಾಳು ದಪ್ಪದಷ್ಟು ಮೇಲೆತ್ತಿ ಬಿಗಿಯಬೇಕು. ತಳಕ್ಕೆ ತಾಗಿಸಿಯೇ ಬಿಗಿದರೆ ಹಿಡಿತ ಸರಿಯಾಗಿ ಕೂರುವುದಿಲ್ಲ. ತುದಿಯಲ್ಲಷ್ಟೇ ಕಚ್ಚಿಸಿದರೆ ಹಾರಿ ಬರುತ್ತದೆ. ಇನ್ನೊಂದು ಮೋಸ ನಮ್ಮ ಅಂಗಡಿಗಳದ್ದು. ಕಾಲಿಂಚಿನ ಕಡ್ಡಿಯೂ ಸಿಗುತ್ತದೆ, 6 ಮಿಲಿಮೀಟರಿನದೂ ಸಿಗುತ್ತದೆ. ಕಣ್ಣಿಗೆ ಎರಡೂ ಒಂದೇ. ಕಾಲಿಂಚೆಂದರೆ 6.35 ಮಿಲಿಮೀಟರ್. ಕಾಲಿಂಚಿನ ಕೊಲೆಟ್ಟಿಗೆ ಆರರ ಕಡ್ಡಿ ಹಾಕಿದರೆ ಬಿಗಿದ ಹಾಗೆ ಕಾಣುತ್ತದೆ, ನಿಮಿಷಕ್ಕೆ 20,000 ಸುತ್ತಿನಲ್ಲಿ ಜಾರುತ್ತದೆ. ಅಳತೆ ತಪ್ಪಿದ ರವಿಕೆಯ ಗುಂಡಿಯಾದರೆ ಮಾನ ಹೋಗುತ್ತದೆ, ಇದರಲ್ಲಿ ಕಣ್ಣು ಹೋಗುತ್ತದೆ.

ಹಲಗೆ ಹಳೆಯದಾದ್ದರಿಂದ ಆಚಾರ್ರು ಒಂದು ಒಡೆದ ಸ್ಪೀಕರಿನ ಅಯಸ್ಕಾಂತ ಕೊಟ್ಟಿದ್ದರು. ಅದನ್ನು ಹಲಗೆಯ ಮೇಲೆಲ್ಲ ಸವರಿದರೆ ಒಳಗೆ ಮುರಿದುಕೊಂಡ ಮೊಳೆಯಿದ್ದಲ್ಲಿ ಕಚ್ಚುತ್ತದೆ. ನಮ್ಮ ಹಲಗೆಯಲ್ಲಿ ಎರಡು ಸಿಕ್ಕವು. ಯಾವ ಕಾಲದ ಯಾರ ಮನೆಯ ತೊಟ್ಟಿಲನ್ನು ತೂಗುಹಾಕಿದ ಮೊಳೆಗಳೋ!

ಮೂರನೆಯ ದಿನ ಹಲಗೆಯ ಹೊರ ಅಂಚು ಹೊಡೆಯಲು ಕೊಟ್ಟರು. ಬಿಟ್ ಮರಕ್ಕೆ ತಾಗದಂತೆ ಇಟ್ಟು ಸ್ವಿಚ್ಚು ಹಾಕಬೇಕು. ಹಾಕಿದ ಕೂಡಲೇ ಯಂತ್ರ ಒಮ್ಮೆ ಕೊಸರುತ್ತದೆ, ಕಂಕುಳಲ್ಲಿ ಹಿಡಿದ ಕರುವಿನ ಹಾಗೆ. ಪೂರ್ತಿ ವೇಗ ಬರುವವರೆಗೆ ಕಾಯಬೇಕು. ಆಮೇಲೆ ಮರಕ್ಕೆ. ಮೊದಲು ಎಳೆ ತುಂಡಾದ ಅಡ್ಡ ಬದಿಗಳು, ಆಮೇಲೆ ಉದ್ದದ ಬದಿಗಳು. ಅಡ್ಡ ಬದಿಯ ಕೊನೆಯಲ್ಲಿ ಸಿಬಿರು ಎದ್ದರೆ ಉದ್ದದ್ದನ್ನು ಹೊಡೆಯುವಾಗ ಅದು ಹೋಗುತ್ತದೆ. ತೀರಾ ನಿಧಾನವಾದರೆ ಮರ ಕರಟಿ ಕಪ್ಪಾಗುತ್ತದೆ, ಅವಸರ ಮಾಡಿದರೆ ಮೋಟಾರಿನ ದನಿ ಕುಗ್ಗುತ್ತದೆ. ಈ ದನಿಯ ಪಾಠ ನನಗೆ ಬೇಕಾಗಲಿಲ್ಲ. ಒಣಕೊಬ್ಬರಿ ಹೆಚ್ಚಾದಾಗ ಮಿಕ್ಸಿ ನರಳುವುದು ಯಾವ ಹೆಂಗಸಿಗೆ ಗೊತ್ತಿಲ್ಲ?

ಆದರೂ ತಪ್ಪಿದೆ. ಮೂರು ಬದಿ ಮುಗಿಸಿದ ಹೆಮ್ಮೆಯಲ್ಲಿ, ಒಂದು ಕಡೆ ಸ್ವಲ್ಪ ಉಳಿದದ್ದು ಕಂಡು ಬಲದಿಂದ ಎಡಕ್ಕೆ ಎಳೆದೆ. ಪ್ರದಕ್ಷಿಣೆ! ಯಂತ್ರ ನನ್ನ ಕೈಯಲ್ಲಿರಲಿಲ್ಲ, ನಾನು ಯಂತ್ರದ ಕೈಯಲ್ಲಿದ್ದೆ. ಒಂದು ಗೇಣು ಓಡಿ ಅಂಚನ್ನು ಹರಿದು ಹಲಗೆಯಿಂದ ಆಚೆ ಹಾರಿತು. ಎರಡೂ ಕೈ ಹಿಡಿಕೆಯಲ್ಲಿ ಇದ್ದದ್ದರಿಂದ ಬೆರಳು ಉಳಿದವು. ಸ್ವಿಚ್ಚು ಬಿಟ್ಟೆ, ಆದರೆ ಸ್ವಿಚ್ಚು ಬಿಟ್ಟ ಕೂಡಲೇ ಬಿಟ್ ನಿಲ್ಲುವುದಿಲ್ಲ, ಕೆಲವು ಕ್ಷಣ ತಿರುಗುತ್ತಲೇ ಇರುತ್ತದೆ. ಹೆದರಿ ಮೇಜಿನ ಮೇಲೆ ಇಡಹೊರಟಿದ್ದೆ. "ಇಡಬೇಡ, ಹಿಡ್ಕೋ, ಹಿಡ್ಕೋ" ಎಂದು ನಮ್ಮವರು ಕೂಗಿದರು. ಕಿವಿ ಮುಚ್ಚಿದ್ದರೂ ಅದೊಂದು ಕೇಳಿತು. ಪೂರ್ತಿ ನಿಂತ ಮೇಲೆ ಇಟ್ಟೆ. ನನ್ನ ಎರಡೂ ಕೈ ನಡುಗುತ್ತಿದ್ದವು. ನಮ್ಮವರು ಅವನ್ನು ಹಿಡಿದುಕೊಂಡರು. ಅವರ ಕೈಯೂ ನಡುಗುತ್ತಿತ್ತು. ಯಾರ ನಡುಕ ಯಾವುದೆಂದು ಗೊತ್ತಾಗದ ಹಾಗೆ ಸ್ವಲ್ಪ ಹೊತ್ತು ನಿಂತಿದ್ದೆವು.

"ನೀನು ಕಲಿಯಲಿಕ್ಕೆ ಕೇಳಿದ್ದಲ್ಲ ಮಾರಾಯ್ತಿ" ಎಂದರು. "ನನ್ನ ಕೈಯಿಂದ ತೆಗೆಯಲಿಕ್ಕೆ ಕೇಳಿದ್ದು. ಅವತ್ತೇ ಗೊತ್ತಾಯ್ತು."

"ಮತ್ತೆ ಯಾಕೆ ಕಲಿಸಿದಿರಿ?"

"ಏಳು ಕುಳಿ ಬಾಕಿ ಇದೆಯಲ್ಲ."

ಉಳಿದ ಏಳನ್ನು ನಾನು ತೋಡಿದೆ. ದಿನಕ್ಕೊಂದು ಕುಳಿ, ಕುಳಿಗೆ ಐದು ಸಲ. ದಣಿದ ದಿನ ಮಾಡುತ್ತಿರಲಿಲ್ಲ. ಅಡುಗೆ ಅರ್ಧವಿದ್ದಾಗ ಮಾಡುತ್ತಿರಲಿಲ್ಲ, ಕುಕ್ಕರಿನ ಸೀಟಿ ಎಣಿಸುತ್ತ ಈ ಕೆಲಸ ಆಗುವುದಿಲ್ಲ. ನಮ್ಮವರು ಸ್ವಿಚ್‌ಬೋರ್ಡಿನ ಪಕ್ಕ ನಿಲ್ಲುತ್ತಿದ್ದರು. ಪ್ಲಗ್ಗು ಹಾಕುವುದು, ತೆಗೆಯುವುದು, ಆಳದ ಅಳತೆ ನೋಡುವುದು, ಕ್ಲಾಂಪು ಅಲುಗಿಸಿ ನೋಡುವುದು ಅವರದು. ನಡುಗುವ ಕೈ ಕ್ಲಾಂಪು ಬಿಗಿಯುವುದಕ್ಕೆ ಏನೂ ಅಡ್ಡಿಯಿಲ್ಲ. ಪ್ರತಿ ಸಲ ಸ್ವಿಚ್ಚು ಹಾಕುವ ಮೊದಲು ನಾನು ಅವರ ಕಡೆ ನೋಡಬೇಕು, ಅವರು ತಲೆ ಆಡಿಸಬೇಕು. ಹಸೆಮಣೆಯ ಮೇಲೆ ಕೂತ ದಿನ ಬಿಟ್ಟರೆ ಇಷ್ಟು ಸಲ ನಾವು ಮುಖ ಮುಖ ನೋಡಿಕೊಂಡದ್ದಿಲ್ಲ.

ಅತ್ತೆಯವರು ಮೂರನೆಯ ಕುಳಿಯ ಹೊತ್ತಿಗೆ ಕುರ್ಚಿ ತಿರುಗಿಸಿ ಕೂತರು. ಐದನೆಯದರ ಹೊತ್ತಿಗೆ, ಕಿಟಕಿಯ ಮೇಲಿಟ್ಟ ನನ್ನ ಬಳೆಗಳನ್ನು ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. "ಕಿಟಕಿ ಮೇಲೆ ಕಾಗೆ ಬರ್ತದೆ" ಎಂದರು. ಆಮೇಲೆ ಯಾರಿಗೆಂದಿಲ್ಲದೆ, "ಅಡಿಕೆ ಸುಲಿಯುವಾಗ ನಾನೂ ಬಳೆ ಮೊಣಕೈಗೆ ಏರಿಸ್ತಿದ್ದೆ. ಒಂದ್ಸಲ ಮೆಟ್ಟುಗತ್ತಿಗೆ ಸಿಕ್ಕಿ ಒಡೆದದ್ದು ಇನ್ನೂ ಗುರುತಿದೆ" ಎಂದು ಮಣಿಕಟ್ಟು ತೋರಿಸಿದರು. ಬಿಳಿಯ ಒಂದು ಗೆರೆ. ಅದನ್ನೂ ನಾನು ನೋಡಿರಲಿಲ್ಲ. ಮಗನ ಕೈಯ ವಿಷಯ ಅವರಿಗೆ ಆ ಹೊತ್ತಿಗೆ ಗೊತ್ತಾಗಿತ್ತೆಂದು ಕಾಣುತ್ತದೆ. ಅವರ ಕಾಫಿಯನ್ನು ಅರ್ಧ ಲೋಟ ಮಾತ್ರ ತುಂಬಿಸಿ ಕೊಡು ಎಂದು ನನಗೆ ಹೇಳಿದ್ದು ಅವರೇ.

ಹದಿನಾಲ್ಕನೆಯ ಕುಳಿಯ ಕೊನೆಯ ಸುತ್ತು ಒಂದು ಭಾನುವಾರ. ಹೊರಗೆ ಮಳೆ. ಒಳಗಿನ ಗೋಡೆಗೆ ತಾಗಿಸಿ ಪ್ರದಕ್ಷಿಣೆ ಬಂದೆ, ಯಂತ್ರವನ್ನು ಕುಳಿಯ ನಡುವಿಗೆ ತಂದೆ. ಇನ್ನು ಎತ್ತಬೇಕು, ಅಷ್ಟರಲ್ಲಿ ಸದ್ದು ತಾನಾಗಿ ಕುಸಿದು ನಿಂತಿತು. ಜಗುಲಿಯ ದೀಪ ಆರಿತು.

"ಸ್ವಿಚ್ಚು!" ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು. ನಾನು ಸ್ವಿಚ್ಚು ಬಿಡುವುದಕ್ಕೂ ಅವರು ಪ್ಲಗ್ಗು ಕೀಳುವುದಕ್ಕೂ ಸರಿಹೋಯಿತು. ಆ ಕತ್ತಲೆಯಲ್ಲೇ ಅತ್ತೆಯವರು ಹಿತ್ತಾಳೆ ಡಬ್ಬಿಯನ್ನು ಬಿಚ್ಚಿ ಕಾಯಿ ಎಣಿಸತೊಡಗಿದ್ದು ಕೇಳಿಸಿತು.